ಆಡಿದ ಬ್ಯಾಟು, ಸಹಿಯಾದ ಬ್ಯಾಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಪಂದ್ಯದಲ್ಲಿ ನಿಜವಾಗಿ ಬಳಕೆಯಾದ ಬ್ಯಾಟು, ಚೆಂಡು, ಜೆರ್ಸಿಗಳ ಮೇಲೆ ಆಟಗಾರರ ಸಹಿ ಪಡೆಯುವ ಬಗ್ಗೆ ಬಂದ ಪತ್ರಗಳಲ್ಲಿ ಆಯ್ದ ಕೆಲವಕ್ಕೆ ಈ ಸಂಚಿಕೆಯ ಅಂಕಣವನ್ನು ಮೀಸಲಿಟ್ಟಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ, ಬರೆದವರ ಹೆಸರುಗಳನ್ನು ಬಿಡಲಾಗಿದೆ.

ಪ್ರಶ್ನೆ: ಶಿವಮೊಗ್ಗದ ನವುಲೆ ಕ್ರೀಡಾಂಗಣದಲ್ಲಿ ರಣಜಿ ಪಂದ್ಯವೊಂದು ನಡೆದಾಗ ನಮ್ಮ ಚಿಕ್ಕಪ್ಪ ನೆಟ್ಸ್‌ನಲ್ಲಿ ಬೌಲಿಂಗ್ ಮಾಡಿದ್ದರು. ಪಂದ್ಯದಲ್ಲಿ ತುದಿ ಸೀಳಿದ ತನ್ನ ಬ್ಯಾಟನ್ನು ಕರ್ನಾಟಕದ ಬ್ಯಾಟರ್ ಒಬ್ಬರು ಅವರಿಗೆ ಕೊಟ್ಟು ಹೋದರು. ಆಗ ಸಹಿ ಹಾಕಿಸಿಕೊಳ್ಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಈಗ ಅದೇ ಆಟಗಾರರು ನಮ್ಮೂರಿನ ಕಾಲೇಜಿನ ಕ್ರೀಡಾಕೂಟಕ್ಕೆ ಮುಖ್ಯ ಅತಿಥಿಗಳಾಗಿ ಬರುತ್ತಿದ್ದಾರೆ. ಬ್ಯಾಟಿನ ಯಾವ ಭಾಗದಲ್ಲಿ, ಎಂಥ ಪೆನ್ನಿನಲ್ಲಿ ಸಹಿ ಹಾಕಿಸಿದರೆ ಒಳ್ಳೆಯದು?
– ದಾವಣಗೆರೆಯ ಓದುಗರು

ಉತ್ತರ: ಪೆನ್ನಿನ ಮಾತಿಗೆ ಮೊದಲು, ಅತಿಥಿಗಳು ಬರುವುದರೊಳಗೆ ನೀವು ಮುಗಿಸಿಕೊಳ್ಳಬೇಕಾದ ಕೆಲಸವೊಂದಿದೆ. ಬ್ಯಾಟಿನ ಮುಖ, ಬೆನ್ನು, ಎರಡೂ ಅಂಚು, ಸೀಳಿದ ತುದಿ ಮತ್ತು ಹಿಡಿಯನ್ನು ಹಗಲು ಬೆಳಕಿನಲ್ಲಿ ಹತ್ತಿರದಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಬ್ಯಾಟಿನ ಮುಖದ ಮೇಲೆ ಉದ್ದಕ್ಕೆ ಇಳಿದಿರುವ ಮರದ ಗೆರೆಗಳು ಒಂದರಲ್ಲಿದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ. ಆ ಪಂದ್ಯದಲ್ಲಿ ಪತ್ರಿಕಾ ಛಾಯಾಗ್ರಾಹಕರು ತೆಗೆದ ಒಂದು ಸ್ಪಷ್ಟ ಚಿತ್ರ ಸಿಕ್ಕಿದರೂ ಸಾಕು, ಈ ಗೆರೆಗಳನ್ನೂ ಸ್ಟಿಕ್ಕರ್ ಕೊಂಚ ಓರೆಯಾಗಿ ಅಂಟಿರುವ ರೀತಿಯನ್ನೂ ಹೋಲಿಸಿ ಅಂದು ಆಡಿದ್ದು ಇದೇ ಬ್ಯಾಟು ಎಂದು ತೋರಿಸಲು ಸಾಧ್ಯವಾಗುತ್ತದೆ. ಇದರ ಜೊತೆಗೆ, ಬ್ಯಾಟು ತಮ್ಮ ಕೈಗೆ ಹೇಗೆ ಬಂತು, ಯಾವ ಪಂದ್ಯ, ಯಾವ ದಿನ, ಅಲ್ಲಿ ಇನ್ಯಾರಿದ್ದರು ಎಂಬುದನ್ನು ನಿಮ್ಮ ಚಿಕ್ಕಪ್ಪನವರು ಸ್ವಂತ ಕೈಬರಹದಲ್ಲಿ ಬರೆದು, ಬರೆದ ದಿನಾಂಕ ಹಾಕಿ ಸಹಿ ಮಾಡಲಿ. ಸಹಿಯಿಂದ ತಿಳಿಯುವುದು ಸಹಿ ಹಾಕಿದವರು ಯಾರು ಎಂಬುದಷ್ಟೇ. ಆ ಬ್ಯಾಟು ಪಂದ್ಯದಲ್ಲಿ ಆಡಿತ್ತು ಎಂಬುದಕ್ಕೆ ಬೇರೆಯೇ ಸಾಕ್ಷಿ ಬೇಕು. ಈ ಎರಡನ್ನೂ ಒಂದೇ ಎಂದುಕೊಂಡವರು ನಮ್ಮಲ್ಲಿ ಬಹಳ ಮಂದಿ.

ಜಾಗದ ಬಗ್ಗೆ ಹೇಳುವುದಾದರೆ, ಬ್ಯಾಟಿನ ಮುಖದ ಮೇಲೆ ಚೆಂಡು ಬಡಿದು ಉಳಿದ ಕೆಂಪು ಗುರುತುಗಳಿರುವ ಕಡೆ ಸಹಿ ಬೇಡವೇ ಬೇಡ. ಆ ಗುರುತುಗಳೇ ಬ್ಯಾಟಿನ ಆಸ್ತಿ. ಅವುಗಳ ಮೇಲೆ ದಪ್ಪ ಮಾರ್ಕರ್ ಎಳೆದರೆ ಸಾಕ್ಷಿಯನ್ನು ನೀವೇ ಮುಚ್ಚಿದಂತೆ. ಮುಖದ ಮೇಲೆ ಮರ ಸವೆಯದಂತೆ ಕಾಯುವ ಪಾರದರ್ಶಕ ಹಾಳೆ, ಅಂದರೆ ಆಂಟಿ ಸ್ಕಫ್ ಶೀಟು ಅಂಟಿಸಿದ್ದರೆ ಅದರ ಮೇಲೂ ಬೇಡ, ಏಕೆಂದರೆ ಕೆಲವು ವರ್ಷಗಳಲ್ಲಿ ಅಂಟು ಒಣಗಿ ಶೀಟು ಎದ್ದಾಗ ಸಹಿಯೂ ಅದರೊಂದಿಗೆ ಎದ್ದು ಬರುತ್ತದೆ. ಬೆನ್ನಿನ ಕಡೆ, ಸ್ಟಿಕ್ಕರ್‌ಗಳ ನಡುವೆ ಬರಿಯ ಮರ ಕಾಣುವ ಇಳಿಜಾರು ಜಾಗವೇ ಅತ್ಯುತ್ತಮ. ಅಗಸೆ ಎಣ್ಣೆ ಹೆಚ್ಚಾಗಿ ಕುಡಿದಿರುವ ಮರದಲ್ಲಿ ಶಾಯಿ ಗೆರೆಗುಂಟ ಹರಡಿಕೊಳ್ಳುವ ಸಾಧ್ಯತೆ ಇರುವುದರಿಂದ ತೀರ ದಪ್ಪ ಮೊನೆಯದಲ್ಲದ, ಹೊಸದಾದ ಕಪ್ಪು ಪರ್ಮನೆಂಟ್ ಮಾರ್ಕರ್ ಕೊಂಡು, ಮನೆಯಲ್ಲಿರುವ ಬೇರೊಂದು ಹಳೆಯ ಬ್ಯಾಟಿನ ಮೇಲೆ ಮೊದಲು ಬರೆದು ನೋಡಿ. ವೇದಿಕೆಯ ಗದ್ದಲದಲ್ಲಿ ಬ್ಯಾಟನ್ನು ಎತ್ತಿ ಹಿಡಿದು ಸಹಿ ಕೇಳುವುದಕ್ಕಿಂತ, ಸಂಘಟಕರಿಗೆ ಮುಂಚಿತವಾಗಿ ತಿಳಿಸಿ, ಅತಿಥಿಗಳು ಚಹಾ ಕುಡಿಯುವ ಕೋಣೆಯಲ್ಲಿ ಮೇಜಿನ ಮೇಲೆ ಬ್ಯಾಟನ್ನು ಮಲಗಿಸಿ ಸಹಿ ಪಡೆಯುವುದು ಲೇಸು.

ಇನ್ನೊಂದು ವಿನಂತಿಯನ್ನು ಸಂಕೋಚಪಡದೆ ಅವರ ಮುಂದಿಡಿ. ಸಹಿಯ ಕೆಳಗೆ ಎದುರಾಳಿ ತಂಡ, ಶಿವಮೊಗ್ಗ, ವರ್ಷ ಇಷ್ಟನ್ನು ಅವರ ಕೈಯಲ್ಲೇ ಬರೆಸಿ. ನನ್ನನ್ನು ಕೇಳಿದರೆ ಈ ಒಂದು ಸಾಲು ಸಹಿಗಿಂತ ದೊಡ್ಡದು. ಬಳಸಿದವರೇ ‘ಇದನ್ನು ನಾನು ಇಲ್ಲಿ ಬಳಸಿದೆ’ ಎಂದು ಬರೆದುಕೊಟ್ಟ ಮೇಲೆ ಬೇರೆಯವರ ಪ್ರಮಾಣಪತ್ರದ ಹಂಗು ಕಡಿಮೆಯಾಗುತ್ತದೆ. ‘ಇಂಥವರಿಗೆ’ ಎಂದು ಹೆಸರು ಬರೆಸಿದರೆ ಮಾರಾಟದಲ್ಲಿ ಬೆಲೆ ತಗ್ಗುತ್ತದೆ ಎಂದು ವ್ಯಾಪಾರಿಗಳು ಹೇಳುವುದುಂಟು, ಅದು ಸುಳ್ಳೂ ಅಲ್ಲ. ಆದರೆ ನಿಮ್ಮ ಸಂದರ್ಭದಲ್ಲಿ ಚಿಕ್ಕಪ್ಪನವರ ಹೆಸರು ಆ ಬ್ಯಾಟಿನ ಚರಿತ್ರೆಯ ಭಾಗವೇ ಆಗಿರುವುದರಿಂದ ಧಾರಾಳವಾಗಿ ಬರೆಸಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ‘ಪಂದ್ಯದಲ್ಲಿ ತೊಟ್ಟದ್ದು’ ಎಂಬ ವಿವರಣೆಯೊಂದಿಗೆ ಖ್ಯಾತ ಕ್ರಿಕೆಟಿಗರೊಬ್ಬರ ಸಹಿ ಇರುವ ಜೆರ್ಸಿಯನ್ನು ಕೊಂಡಿದ್ದೇನೆ. ಜೊತೆಗೆ ಬಣ್ಣದ ಮುದ್ರೆಯ ಪ್ರಮಾಣಪತ್ರವೂ ಬಂದಿದೆ. ಆದರೆ ಬಟ್ಟೆ ಅಂಗಡಿಯಿಂದ ಈಗಷ್ಟೇ ತಂದಂತಿದೆ. ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ?
– ಹುಬ್ಬಳ್ಳಿಯ ಓದುಗರು

ಉತ್ತರ: ಮೊದಲು ಪ್ರಮಾಣಪತ್ರವನ್ನು ಮತ್ತೊಮ್ಮೆ ಓದಿ. ಅದರಲ್ಲಿ ಖಾತರಿಯಾಗಿರುವುದು ಸಹಿಯೋ, ತೊಟ್ಟದ್ದೋ? ಬಹುತೇಕ ಪತ್ರಗಳಲ್ಲಿ ‘ಈ ಸಹಿ ಅಸಲಿ’ ಎಂದಷ್ಟೇ ಇರುತ್ತದೆ, ‘ಪಂದ್ಯದಲ್ಲಿ ತೊಟ್ಟದ್ದು’ ಎಂಬ ಮಾತು ಜಾಹೀರಾತಿನಲ್ಲಿ ಮಾತ್ರ ಇರುತ್ತದೆ. ಯಾವ ಪಂದ್ಯ, ಯಾವ ದಿನಾಂಕ ಎಂದು ಪತ್ರ ಹೇಳದಿದ್ದರೆ ಆ ಮಾತಿಗೆ ತೂಕವಿಲ್ಲ. ಅಭಿಮಾನಿಗಳಿಗೆಂದು ಅಂಗಡಿಯಲ್ಲಿ ಮಾರುವ ಜೆರ್ಸಿ, ಆಟಗಾರನಿಗೆಂದು ತಯಾರಾಗಿ ತೊಡದೆ ಉಳಿದ ಜೆರ್ಸಿ, ಮೈದಾನದಲ್ಲಿ ನಿಜವಾಗಿ ತೊಟ್ಟ ಜೆರ್ಸಿ ಇವು ಮೂರೂ ಬೇರೆ ಬೇರೆ. ಮೂರರ ಮೇಲೂ ಒಬ್ಬನೇ ಆಟಗಾರನ ಅಸಲಿ ಸಹಿ ಇರಬಹುದು. ತೊಟ್ಟ ಜೆರ್ಸಿಯಲ್ಲಿ ಕತ್ತುಪಟ್ಟಿಯ ಒಳಬದಿಯಲ್ಲಿ ಬೆವರಿನ ಹಳದಿ ಛಾಯೆ, ಬಿದ್ದು ಜಾರಿದ ಮೊಣಕೈ ಮತ್ತು ಸೊಂಟದ ಬಳಿ ಹುಲ್ಲಿನ ಕಲೆ, ಬೆನ್ನಿನ ಅಂಕಿಯ ಮುದ್ರಣದಲ್ಲಿ ಕೂದಲೆಳೆಯ ಬಿರುಕು ಹೀಗೆ ಏನಾದರೊಂದು ಕಾಣಬೇಕು. ನಿಮ್ಮ ಜೆರ್ಸಿಯಲ್ಲಿ ಇದಾವುದೂ ಇಲ್ಲವೆಂದರೆ ನನ್ನ ಅನುಮಾನ ನಿಮ್ಮ ಅನುಮಾನದ ಜೊತೆಗೇ ಇದೆ. ಆದರೆ ಕಲೆಗಳಿವೆ ಎಂಬ ಒಂದೇ ಕಾರಣಕ್ಕೂ ನಂಬಬೇಡಿ. ಮಣ್ಣು ಹಚ್ಚುವುದು ಯಾರಿಗೂ ಕಷ್ಟದ ಕೆಲಸವಲ್ಲ.

ಜಗತ್ತಿನ ದೊಡ್ಡ ಹರಾಜುಗಳಲ್ಲಿ ಈಗ ನಿರ್ಣಾಯಕವಾಗಿರುವುದು ಪಂದ್ಯದ ಛಾಯಾಚಿತ್ರಗಳೊಂದಿಗೆ ನಡೆಸುವ ಹೋಲಿಕೆ. 1986ರ ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಇಂಗ್ಲೆಂಡ್ ವಿರುದ್ಧದ ಕ್ವಾರ್ಟರ್ ಫೈನಲ್ ಮುಗಿದ ಮೇಲೆ ಮರಡೋನಾ ತಮ್ಮ ಅಂಗಿಯನ್ನು ಎದುರಾಳಿ ತಂಡದ ಸ್ಟೀವ್ ಹಾಡ್ಜ್ ಅವರೊಂದಿಗೆ ಬದಲಾಯಿಸಿಕೊಂಡರು. 2022ರ ಮೇ ತಿಂಗಳಿನಲ್ಲಿ ಸದಬೀಸ್ ಸಂಸ್ಥೆ ಅದನ್ನು ಹರಾಜಿಗಿಟ್ಟಾಗ, ಅದು ಗೋಲುಗಳಿಲ್ಲದ ಮೊದಲಾರ್ಧದಲ್ಲಿ ತೊಟ್ಟದ್ದೇ ಹೊರತು ಗೋಲು ಹೊಡೆದಾಗ ಮೈಮೇಲಿದ್ದದ್ದಲ್ಲ ಎಂದು ಮರಡೋನಾ ಕುಟುಂಬದವರು ತಕರಾರು ತೆಗೆದರು. ಲಾಂಛನ, ಪಟ್ಟೆ ಮತ್ತು ಅಂಕಿಗಳ ಸೂಕ್ಷ್ಮ ವಿವರಗಳನ್ನು ದ್ವಿತೀಯಾರ್ಧದ ಚಿತ್ರಗಳೊಂದಿಗೆ ಹೋಲಿಸಿ ನೋಡಿಯೇ ಹರಾಜು ಸಂಸ್ಥೆ ತನ್ನ ಮಾತಿಗೆ ಅಂಟಿಕೊಂಡಿತು. ಅಂಗಿ 70 ಲಕ್ಷ ಪೌಂಡಿಗೂ ಹೆಚ್ಚಿನ ಬೆಲೆಗೆ ಹೋಯಿತು. ಒಂದೇ ಪಂದ್ಯದ ಎರಡು ಅಂಗಿಗಳ ನಡುವೆಯೂ ಇಷ್ಟು ಅಂತರವಿರುವುದನ್ನು ಗಮನಿಸಿ.

ನಮ್ಮ ದೇಶದ್ದೇ ಇನ್ನೊಂದು ನಿದರ್ಶನವಿದೆ. ನೀರಜ್ ಚೋಪ್ರಾ ಪ್ರಧಾನಿಯವರಿಗೆ ಉಡುಗೊರೆಯಾಗಿ ಕೊಟ್ಟ, ಅವರ ಸಹಿ ಇದ್ದ ಜಾವೆಲಿನ್ 2021ರ ಇ-ಹರಾಜಿನಲ್ಲಿ 1.5 ಕೋಟಿ ರೂಪಾಯಿಗೆ ಮಾರಾಟವಾಯಿತು. ಟೋಕಿಯೊದಲ್ಲಿ ಚಿನ್ನ ಗೆದ್ದ ಜಾವೆಲಿನ್ ಎಂದು ಅವರು 2022ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಒಲಿಂಪಿಕ್ ಮ್ಯೂಸಿಯಮ್ಮಿಗೆ ಕೊಟ್ಟದ್ದು ಬೇರೆಯದು. ಎರಡೂ ಅವರದೇ, ಎರಡೂ ಅಮೂಲ್ಯ. ಆದರೂ ‘ನೀರಜ್ ಸಹಿ ಹಾಕಿದ್ದು’ ಮತ್ತು ‘ಚಿನ್ನ ತಂದ ಎಸೆತದ್ದು’ ಎಂಬ ಎರಡು ಮಾತುಗಳನ್ನು ಸಂಗ್ರಾಹಕನಾದವನು ಬೇರ್ಪಡಿಸಿಯೇ ಕೇಳಬೇಕು. ನೀವು ಮಾರಿದವರನ್ನು ಲಿಖಿತವಾಗಿ ಕೇಳಬೇಕಾದದ್ದೂ ಇಷ್ಟೇ: ಯಾವ ಪಂದ್ಯ, ಜೆರ್ಸಿ ಆಟಗಾರನಿಂದ ಯಾರ ಕೈಗೆ ಬಂತು, ಸಹಿ ಎಲ್ಲಿ ಯಾವಾಗ ಆಯಿತು? ಉತ್ತರ ಬಾರದಿದ್ದರೆ ಹಣ ವಾಪಸು ಕೇಳಿ, ಕೊಡದಿದ್ದರೆ ಗ್ರಾಹಕರ ಆಯೋಗದ ಬಾಗಿಲು ತೆರೆದಿದೆ. ಆಟಗಾರರೇ ನೇರವಾಗಿ ಹೊರತರುವ ವಸ್ತುಗಳಲ್ಲಿ ಈ ಗೊಂದಲ ಕಡಿಮೆ. ನಮ್ಮ ಕೆ.ಎಲ್. ರಾಹುಲ್ 2020ರಲ್ಲಿ, ಹಿಂದಿನ ವರ್ಷದ ವಿಶ್ವಕಪ್‌ನಲ್ಲಿ ಆಡಿದ್ದ ತಮ್ಮ ಬ್ಯಾಟನ್ನು ಮಕ್ಕಳ ನೆರವಿಗಾಗಿ ಹರಾಜಿಗಿಟ್ಟಾಗ ಅದು 2.64 ಲಕ್ಷ ರೂಪಾಯಿಗೆ ಹೋಯಿತು. ಅಲ್ಲಿ ಬ್ಯಾಟಿನ ಮೂಲದ ಬಗ್ಗೆ ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ.

ಪ್ರಶ್ನೆ: ಹಳೆಯ ಕೆಂಪು ಚೆಂಡಿನ ಮೇಲೆ ಕಪ್ಪು ಮಾರ್ಕರ್‌ನಲ್ಲಿ ಹಾಕಿಸಿದ ಸಹಿ ಕಾಣುವುದೇ ಇಲ್ಲ. ಪರಿಹಾರವೇನು?
– ಮೈಸೂರಿನ ಓದುಗರು

ಉತ್ತರ: ಕೆಂಪು ಚೆಂಡಿಗೆ ಬೆಳ್ಳಿ ಅಥವಾ ಬಂಗಾರದ ಬಣ್ಣದ ಪೇಂಟ್ ಮಾರ್ಕರ್ ಬಳಸಬೇಕು. ಅದನ್ನು ಚೆನ್ನಾಗಿ ಅಲುಗಾಡಿಸಿ, ಕಾಗದದ ಮೇಲೆ ಒಂದೆರಡು ಗೆರೆ ಎಳೆದು ಬಣ್ಣ ಸರಾಗವಾಗಿ ಇಳಿಯುವಂತಾದ ಮೇಲೆಯೇ ಆಟಗಾರರ ಕೈಗೆ ಕೊಡಿ. ಆಡಿದ ಚೆಂಡಿನಲ್ಲಿ ಒಂದು ಬದಿ ತರಿತರಿಯಾಗಿ, ಇನ್ನೊಂದು ಬದಿ ಉಜ್ಜಿಸಿಕೊಂಡು ಹೊಳಪಾಗಿ ಇರುತ್ತದಲ್ಲ, ಆ ಹೊಳಪಿನ ಬದಿಯಲ್ಲಿ ಸಹಿ ಬೀಳಲಿ. ತಯಾರಕರ ಬಂಗಾರದ ಮುದ್ರೆಯಲ್ಲಿ ಅಳಿದುಳಿದ ಭಾಗವನ್ನೂ ಹೊಲಿಗೆಯನ್ನೂ ಮುಟ್ಟಬಾರದು. ಬಿಳಿ ಚೆಂಡಾದರೆ ಸಾಧಾರಣ ನೀಲಿ ಬಾಲ್ ಪೆನ್ನೇ ಸಾಕು. ಚರ್ಮದ ಮೇಲೆ ಮಾರ್ಕರ್ ಶಾಯಿ ಕಾಲ ಕಳೆದಂತೆ ಹಬ್ಬುತ್ತದೆ. ಈಗಾಗಲೇ ಕಪ್ಪಿನಲ್ಲಿರುವ ಸಹಿಯನ್ನು ಹಾಗೆಯೇ ಬಿಡಿ.

ಪ್ರಶ್ನೆ: 1974ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ತಂಡ ಬಾಂಬೆಯನ್ನು ಮಣಿಸಿದ ರಣಜಿ ಸೆಮಿಫೈನಲ್‌ನಲ್ಲಿ ಆಡಿದ ಚೆಂಡು ಎಂದು ನಮ್ಮ ತಾತ ಒಂದು ಚೆಂಡನ್ನು ಜೋಪಾನ ಮಾಡಿದ್ದರು. ಅವರು ಆಗ ಮೈದಾನದ ಸಿಬ್ಬಂದಿಯಲ್ಲಿದ್ದರು, ಈಗಿಲ್ಲ. ಅಂದಿನ ತಂಡದ ಹಿರಿಯ ಆಟಗಾರರಿಂದ ಅದರ ಮೇಲೆ ಸಹಿ ಹಾಕಿಸಿದರೆ ಚೆಂಡು ಅಧಿಕೃತವಾಗುತ್ತದೆಯೇ?
– ಬೆಂಗಳೂರು, ಬಸವನಗುಡಿಯ ಓದುಗರು

ಉತ್ತರ: ಪತ್ರ ಓದಿ ನನ್ನ ಕಿವಿಯೂ ನೆಟ್ಟಗಾಯಿತು. ಸತತ 15 ವರ್ಷ ರಣಜಿ ಟ್ರೋಫಿಯನ್ನು ಬಿಟ್ಟುಕೊಡದಿದ್ದ ಬಾಂಬೆಯನ್ನು ಪ್ರಸನ್ನ ಅವರ ನಾಯಕತ್ವದ ತಂಡ ಮೊದಲ ಇನಿಂಗ್ಸ್ ಮುನ್ನಡೆಯ ಬಲದಿಂದ ಹೊರದಬ್ಬಿ, ಆಮೇಲೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಟ್ರೋಫಿಯನ್ನು ಮೊದಲ ಬಾರಿಗೆ ಕರ್ನಾಟಕಕ್ಕೆ ತಂದದ್ದನ್ನು ಈಗಲೂ ಹೇಳಿಕೊಂಡು ಹಿಗ್ಗುವವರು ಇದ್ದಾರೆ. ಆದರೆ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಆಗುವುದಿಲ್ಲ. ಐವತ್ತು ವರ್ಷದ ಹಿಂದಿನ ಚೆಂಡನ್ನು ನೋಡಿ ‘ಇದೇ ಅದು’ ಎಂದು ಹೇಳಲು ಬೌಲ್ ಮಾಡಿದವರಿಗೂ ಸಾಧ್ಯವಿಲ್ಲ. ಒಂದು ಪಂದ್ಯಕ್ಕೆ ಒಂದೇ ಚೆಂಡು ಎಂಬುದೂ ಇಲ್ಲ. ಇನಿಂಗ್ಸ್‌ಗೊಂದು ಹೊಸ ಚೆಂಡು, ಇನಿಂಗ್ಸ್ ಉದ್ದವಾದರೆ ಎರಡನೆಯ ಹೊಸ ಚೆಂಡು, ಆಕಾರ ಕೆಟ್ಟರೆ ಬದಲಿ ಚೆಂಡು ಎಂದು ಲೆಕ್ಕ ಹಾಕಿದರೆ ನಾಲ್ಕೈದಾದರೂ ಆಗಬಹುದು; ನೆಟ್ಸ್‌ನ ಚೆಂಡುಗಳು ಬೇರೆ.

ತಾತನವರು ಬಿಟ್ಟುಹೋದ ಕಾಗದಗಳನ್ನು ಹುಡುಕಿ. ನೌಕರಿಯ ಆದೇಶಪತ್ರ, ಸಂಬಳದ ಚೀಟಿ, ಮೈದಾನದಲ್ಲಿ ನಿಂತ ಫೋಟೊ, ಚೆಂಡಿನ ಬಗ್ಗೆ ಬರೆದ ಒಂದು ಕಾರ್ಡು ಏನು ಸಿಕ್ಕರೂ ಅದನ್ನು ಚೆಂಡಿನ ಜೊತೆಗಿಡಿ. ಅಂದಿನ ಆಟಗಾರರನ್ನು ಭೇಟಿಯಾಗುವ ಭಾಗ್ಯ ಸಿಕ್ಕಿದರೆ, ಚೆಂಡಿನ ಮೇಲೆ ಸಹಿ ಕೇಳುವ ಬದಲು ನಿಮ್ಮ ತಾತನವರ ನೆನಪಿದೆಯೇ, ಪಂದ್ಯ ಮುಗಿದ ಮೇಲೆ ಚೆಂಡುಗಳನ್ನು ಯಾರು ಇಟ್ಟುಕೊಳ್ಳುತ್ತಿದ್ದರು ಎಂದು ಕೇಳಿ, ಅವರು ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು ಅದರ ಕೆಳಗೆ ಸಹಿ ಪಡೆಯಿರಿ. ಚೆಂಡು ಚೆಂಡಾಗಿಯೇ ಉಳಿಯುತ್ತದೆ, ಸಾಕ್ಷಿ ಸಾಕ್ಷಿಯಾಗಿ ಸೇರುತ್ತದೆ. ಅಂದಹಾಗೆ, ಆ ಕಾಲದ ಟೋಪಿ, ಬ್ಲೇಜರ್‌ಗಳನ್ನು ಕೊಳ್ಳುವವರಿಗೆ ಒಂದು ಸುಲಭದ ಪರೀಕ್ಷೆ ಇದೆ: ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಅದಕ್ಕೂ ಹಿಂದೆ ತಂಡ ಆಡುತ್ತಿದ್ದದ್ದು ಮೈಸೂರು ಎಂಬ ಹೆಸರಿನಲ್ಲಿ. ‘ಕರ್ನಾಟಕ’ ಎಂದು ಕಸೂತಿ ಮಾಡಿದ ಟೋಪಿಯನ್ನು 1960ರ ದಶಕದ್ದೆಂದು ಯಾರಾದರೂ ಮಾರಲು ಬಂದರೆ ಚಹಾ ಕೊಟ್ಟು ಕಳುಹಿಸಿ.

ವಸ್ತುವನ್ನು ಬಳಸದವರ ಸಹಿ ಎಲ್ಲ ಸಂದರ್ಭದಲ್ಲೂ ಅಸಂಗತ ಎಂದು ನಾನು ಹೇಳುತ್ತಿಲ್ಲ. 2021ರ ಡಿಸೆಂಬರ್‌ನಲ್ಲಿ ವಾಂಖೆಡೆ ಕ್ರೀಡಾಂಗಣದಲ್ಲಿ ನ್ಯೂಜಿಲೆಂಡಿನ ಎಜಾಜ್ ಪಟೇಲ್ ಭಾರತದ ಹತ್ತೂ ವಿಕೆಟ್‌ಗಳನ್ನು 119 ರನ್ನಿಗೆ ಉರುಳಿಸಿ, ಜಿಮ್ ಲೇಕರ್ ಮತ್ತು ನಮ್ಮ ಅನಿಲ್ ಕುಂಬ್ಳೆ ಅವರ ಸಾಲಿಗೆ ಸೇರಿದಾಗ, ಅಶ್ವಿನ್ ತಮ್ಮ 99ನೆಯ ಸಂಖ್ಯೆಯ ಜೆರ್ಸಿಗೆ ಭಾರತ ತಂಡದವರ ಸಹಿ ಹಾಕಿಸಿ ಅವರಿಗೆ ಕೊಟ್ಟರು. ಸಹಿ ಹಾಕಿದವರು ಅಂದು ಎದುರಾಳಿಗಳಾಗಿ ಅಲ್ಲಿಯೇ ಇದ್ದವರು, ಸಹಿ ಬಿದ್ದದ್ದು ಅದೇ ಪಂದ್ಯದ ಹೊತ್ತಿನಲ್ಲಿ. ಹಾಗಾಗಿ ಆ ಸಹಿಗಳಿಗೆ ಅರ್ಥವಿದೆ. ಪಂದ್ಯದ ಚೆಂಡನ್ನು ಎಜಾಜ್ ತಾವು ಹುಟ್ಟಿದ ಊರಿನ ಮುಂಬೈ ಕ್ರಿಕೆಟ್ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರು.

ಪ್ರಶ್ನೆ: ಇಲ್ಲಿನ ಬೇಸ್‌ಬಾಲ್ ಪಂದ್ಯವೊಂದರಲ್ಲಿ ಗ್ಯಾಲರಿಗೆ ಬಂದ ಚೆಂಡನ್ನು ನನ್ನ ಮಗ ಹಿಡಿದ. ಇಲ್ಲಿ ಅದು ಹಿಡಿದವರಿಗೇ ಸೇರುತ್ತದೆ. ಅದನ್ನು ಹೊಡೆದ ಆಟಗಾರನ ಸಹಿ ಹಾಕಿಸಿ, ಲೀಗಿನ ಹೊಲೊಗ್ರಾಂ (ಅಸಲಿ ಎಂದು ದೃಢೀಕರಿಸುವ ಹೊಳೆಯುವ ಚೀಟಿ) ಅಂಟಿಸಿಕೊಳ್ಳಬಹುದೇ?
– ಅಮೆರಿಕದ ಸ್ಯಾನ್ ಡಿಯಾಗೋದಲ್ಲಿರುವ ಕನ್ನಡತಿ

ಉತ್ತರ: ಸಹಿ ಸಿಗಬಹುದು, ಹೊಲೊಗ್ರಾಂ ಸಿಗಲಾರದು. ಈ ಹೊಲೊಗ್ರಾಂ ವ್ಯವಸ್ಥೆಯ ಹಿನ್ನೆಲೆಯಲ್ಲಿ ನಿಮ್ಮ ಊರೇ ಇದೆ. 1990ರ ದಶಕದ ಕೊನೆಯಲ್ಲಿ ಎಫ್‌ಬಿಐನ ಸ್ಯಾನ್ ಡಿಯಾಗೋ ಕಚೇರಿ ನಡೆಸಿದ ‘ಆಪರೇಷನ್ ಬುಲ್‌ಪೆನ್’ ತನಿಖೆಯಲ್ಲಿ ನಕಲಿ ಸಹಿಗಳ ದೊಡ್ಡ ಜಾಲವೇ ಬಯಲಾಯಿತು. ವಶವಾದ ಮಾಲಿನಲ್ಲಿ ಮದರ್ ತೆರೇಸಾ ಅವರ ಹೆಸರಿನ ಸಹಿ ಇದ್ದ ಬೇಸ್‌ಬಾಲ್ ಚೆಂಡೂ ಇತ್ತು! ಸ್ಥಳೀಯ ಪಾಡ್ರೆಸ್ ತಂಡದ ಟೋನಿ ಗ್ವಿನ್ ತಮ್ಮದೇ ಹೆಸರಿನ ನಕಲಿ ಸಹಿಗಳು ಮಾರಾಟಕ್ಕಿರುವುದನ್ನು ಗುರುತಿಸಿದ್ದರು. ಇದಾದ ಬಳಿಕ 2001ರಲ್ಲಿ ಅಲ್ಲಿನ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್ ತನ್ನದೇ ದೃಢೀಕರಣ ವ್ಯವಸ್ಥೆ ಆರಂಭಿಸಿತು. ಪೊಲೀಸ್ ಇಲಾಖೆಯ ಹಿನ್ನೆಲೆಯವರು ಪಂದ್ಯದುದ್ದಕ್ಕೂ ಮೈದಾನದ ಅಂಚಿನಲ್ಲಿ ಕುಳಿತು, ಆಟದಿಂದ ಹೊರಬಂದ ಚೆಂಡು, ಬ್ಯಾಟುಗಳನ್ನು ಕಣ್ಣಾರೆ ಕಂಡು ಸಂಖ್ಯೆಯುಳ್ಳ ಹೊಲೊಗ್ರಾಂ ಅಂಟಿಸುತ್ತಾರೆ. ನಮ್ಮ ರಣಜಿ ಪಂದ್ಯಗಳಲ್ಲಿ ಹೀಗೆ ಕುಳಿತು ಗುರುತು ಹಚ್ಚುವವರಿಲ್ಲ. ಅಲ್ಲಿ ಗ್ಯಾಲರಿಯ ಜನರ ನಡುವೆ ಬಿದ್ದ ಚೆಂಡು ಆ ದೃಢೀಕರಿಸುವವರ ಕಣ್ಣಳತೆ ತಪ್ಪಿ ಹೋಯಿತೆಂದೇ ಲೆಕ್ಕ. ದಾಖಲೆಯ ಹೊಸ್ತಿಲಲ್ಲಿರುವ ಆಟಗಾರನಿಗೆ ಮೊದಲೇ ಗುಪ್ತ ಗುರುತು ಹಾಕಿದ ಚೆಂಡುಗಳನ್ನು ಎಸೆಯುವ ಕ್ರಮವಿದೆ. ಅದು ಮಾತ್ರ ಇದಕ್ಕೆ ಅಪವಾದ.

ಹೊಲೊಗ್ರಾಂ ಇಲ್ಲವೆಂದು ಬೇಸರ ಬೇಡ. ಟಿಕೆಟ್, ಆಸನದ ಸಂಖ್ಯೆ, ಮಗ ಚೆಂಡು ಹಿಡಿದು ನಿಂತ ಫೋಟೊ ಇವೆಲ್ಲ ಒಟ್ಟಿಗಿರಲಿ. ಚೆಂಡನ್ನು ಒರೆಸಬೇಡಿ. ಡೆಲವೇರ್ ನದಿಯ ದಂಡೆಯಿಂದ ತಂದ ವಿಶೇಷ ಕೆಸರನ್ನು ಪಂದ್ಯಕ್ಕೆ ಮೊದಲು ಪ್ರತಿ ಚೆಂಡಿಗೂ ಸವರುವ ಪದ್ಧತಿ ಇರುವುದರಿಂದ, ಅದರ ಮೇಲಿನ ಮಂಕು ಕಂದು ಛಾಯೆಯೇ ಅದು ಆಟದ ಚೆಂಡು ಎಂಬುದರ ಗುರುತು. ಹೊಲಿಗೆಗಳು ಹತ್ತಿರವಾಗುವ ಕಿರಿದಾದ ಖಾಲಿ ಜಾಗದಲ್ಲಿ ನೀಲಿ ಬಾಲ್ ಪೆನ್ನಿನಿಂದ ಸಹಿ ಹಾಕಿಸಿ. ಆಟಗಾರರು ಅಭ್ಯಾಸ ಮುಗಿಸಿ ಕಟಕಟೆಯ ಬಳಿ ಬರುವ ಹೊತ್ತಿಗೆ, ಪಂದ್ಯ ಶುರುವಾಗುವುದಕ್ಕೆ ಸಾಕಷ್ಟು ಮೊದಲೇ ಹೋಗಿ ನಿಲ್ಲಬೇಕು. ಜಪಾನಿನ ಬೇಸ್‌ಬಾಲ್ ಆಟಗಾರ ಶೊಹೇ ಒಟಾನಿ 2024ರ ಸೆಪ್ಟೆಂಬರ್‌ನಲ್ಲಿ ಒಂದೇ ಋತುವಿನ ಐವತ್ತನೆಯ ಹೋಮ್ ರನ್ (ನಮ್ಮ ಸಿಕ್ಸರಿನಂಥ ಹೊಡೆತ) ಹೊಡೆದ ಚೆಂಡು ಸುಮಾರು 44 ಲಕ್ಷ ಡಾಲರಿಗೆ ಹರಾಜಾಯಿತು. ನಿಮ್ಮ ಮಗನ ಚೆಂಡಿಗೆ ಆ ಬೆಲೆ ಬರಲಾರದು, ಆದರೆ ಅದನ್ನು ಹಿಡಿದವನು ಅವನು.

ಪ್ರಶ್ನೆ: ಮಗಳಿಗೆ ಹನ್ನೊಂದು ವರ್ಷ, ಕ್ರಿಕೆಟ್ ಹುಚ್ಚು. ಆಟಗಾರರು ತೊಟ್ಟ ಗ್ಲೌಸ್ ಅಥವಾ ಟೋಪಿಯನ್ನು ಸಹಿಯೊಂದಿಗೆ ಕೇಳಿ ಪಡೆಯುವುದು ಹೇಗೆ? ಕೇಳುವುದು ಸಭ್ಯತೆಯೇ?
– ಬೆಂಗಳೂರಿನ ಓದುಗರು

ಉತ್ತರ: ಕೇಳುವುದರಲ್ಲಿ ತಪ್ಪಿಲ್ಲ, ಕಾಡುವುದು ತಪ್ಪು. ಐಪಿಎಲ್ ಜಂಗುಳಿಯಲ್ಲಿ ಪ್ರಯತ್ನಿಸುವುದಕ್ಕಿಂತ ಆಲೂರಿನ ಮೈದಾನಗಳಿಗೋ ಚಿನ್ನಸ್ವಾಮಿಯಲ್ಲಿ ರಣಜಿ ಪಂದ್ಯವಿರುವ ದಿನವೋ ಕರೆದುಕೊಂಡು ಹೋಗಿ. ದಿನದಾಟ ಮುಗಿದು ಆಟಗಾರರು ಕಿಟ್ ಹೊತ್ತು ಬಸ್ಸಿನತ್ತ ನಡೆಯುವ ಹೊತ್ತೇ ತಕ್ಕದ್ದು. ಔಟಾಗಿ ಬರುತ್ತಿರುವವರನ್ನು ಮಾತಾಡಿಸಬೇಡಿ. ಭ್ರಷ್ಟಾಚಾರ ತಡೆಯ ನಿಯಮಗಳಿಂದಾಗಿ ಡ್ರೆಸಿಂಗ್ ರೂಮಿನ ಸುತ್ತಮುತ್ತ ಹೊರಗಿನವರಿಗೆ ಪ್ರವೇಶವಿಲ್ಲ. ಬೇಲಿ ಹಾರುವುದಂತೂ ಪೊಲೀಸ್ ಠಾಣೆಯ ದಾರಿ. ಗ್ಯಾಲರಿಗೆ ಬಂದ ಚೆಂಡನ್ನು ನಮ್ಮಲ್ಲಿ ಹಿಂದಿರುಗಿಸಲೇಬೇಕಾದ್ದರಿಂದ, ಪಂದ್ಯದ ವಸ್ತುವೆಂದು ಮಕ್ಕಳಿಗೆ ಸಿಗುವುದು ಸವೆದ ಗ್ಲೌಸ್, ಮಣಿಕಟ್ಟಿನ ಪಟ್ಟಿ ಇಂಥವೇ. ಕೇಳುವುದನ್ನು ಮಗಳೇ ಕೇಳಲಿ, ಮಾರ್ಕರಿನ ಮುಚ್ಚಳ ತೆಗೆದು ಕೈಯಲ್ಲಿ ಹಿಡಿದಿರಲಿ. ಕೊಟ್ಟ ಗ್ಲೌಸಿಗೆ ಅಲ್ಲಿಯೇ, ಮಣಿಕಟ್ಟಿನ ಅಗಲ ಪಟ್ಟಿಯ ಮೇಲೆ ಸಹಿ ಪಡೆದು, ಮನೆಗೆ ಬಂದ ರಾತ್ರಿಯೇ ಪಂದ್ಯ ಮತ್ತು ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದಿಡಿ. ಒಗೆಯಬೇಡಿ, ನೆರಳಿನಲ್ಲಿ ಪೂರ್ತಿ ಒಣಗಿಸಿ, ಇಲ್ಲದಿದ್ದರೆ ನಮ್ಮ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ.

ಪ್ರಶ್ನೆ: ಹಾಲಿನ ಷೋಕೇಸಿನಲ್ಲಿಟ್ಟಿದ್ದ ಬ್ಯಾಟಿನ ಮೇಲಿನ ಸಹಿ ಮಾಸುತ್ತಾ ಬಂದಿದೆ. ಅದರ ಮೇಲೆಯೇ ತಿದ್ದಿಸಬಹುದೇ?
– ಮಂಗಳೂರಿನ ಓದುಗರು

ಉತ್ತರ: ನೀವು ತಿದ್ದಬೇಡಿ, ಮಕ್ಕಳಿಂದ ತಿದ್ದಿಸಬೇಡಿ, ಅದೇ ಆಟಗಾರರು ಸಿಕ್ಕರೂ ಹಳೆಯ ಗೆರೆಯ ಮೇಲೆ ತಿದ್ದಿಸಬೇಡಿ. ತಿದ್ದಿದ ಸಹಿಯನ್ನು ಪರೀಕ್ಷಕರು ಮೊದಲ ನೋಟಕ್ಕೇ ಅನುಮಾನಿಸುತ್ತಾರೆ. ಅವರು ಮತ್ತೆ ಸಿಕ್ಕಿದರೆ ಪಕ್ಕದಲ್ಲಿ ಹೊಸದಾಗಿ ಸಹಿ ಹಾಕಿಸಿ, ಇಂದಿನ ದಿನಾಂಕ ಬರೆಸಿ. ಷೋಕೇಸನ್ನು ಕಿಟಕಿಯ ಎದುರಿನಿಂದ ಸರಿಸಿ, ಒಳಗಿನ ದೀಪವನ್ನು ನಂಟರು ಬಂದಾಗ ಮಾತ್ರ ಹಾಕಿ, ಕರಾವಳಿಯ ತೇವಕ್ಕೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಆಗಾಗ ಬದಲಾಯಿಸಿ. ಇನ್ನಷ್ಟು ಮಾಸುವ ಮೊದಲು ಇವತ್ತೇ ಸಹಿಯ ಫೋಟೊ ತೆಗೆದಿಡಿ.